ಪದಗಾರರ ಮಾರ್ಪಾಟೂ ಮಾರಾಟವೂ

ಸಂಗೀತಗಾರನು ತನ್ನ ಹಾಡಿನ ರೀತಿಯನ್ನು ಬದಲಿಸಿದೊಡನೆ, ‘ಇವನು ಹಣಕ್ಕಾಗಿ ಕಲೆಯನ್ನು ಮಾರಿಕೊಂಡನು’ ಎಂದು ನಿಂದಿಸುವುದು ಲೋಕದ ವಾಡಿಕೆ. ಈ ನಿಂದೆಯು ಎಲ್ಲಿ ಸಲ್ಲುವುದು, ಎಲ್ಲಿ ಸಲ್ಲದು ಎಂಬುದನ್ನು ನಮ್ಮ ಸೀಮೆಯ ಕಂಸಾಳೆಯವರ ದೃಷ್ಟಾಂತದಿಂದ ವಿಚಾರಿಸೋಣ.

ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದುಕೊಳ್ಳುವ ದೇವರಗುಡ್ಡರನ್ನು ಕೊಳ್ಳೇಗಾಲ, ಯಳಂದೂರುಗಳ ಕಡೆಯ ನಮ್ಮ ವಾಚಕರು ಬಲ್ಲರು. ಒಂದು ಕೈಯಲ್ಲಿ ಬಟ್ಟಲಿನಂತಹ ಕಂಚಿನ ತಾಳ, ಮತ್ತೊಂದು ಕೈಯಲ್ಲಿ ದಾರಕ್ಕೆ ಕಟ್ಟಿದ ಇನ್ನೊಂದು ತಾಳ. ಇವೆರಡರ ಹೊಡೆತಕ್ಕೆ ಸರಿಯಾಗಿ ಅವರು ಮಾದಪ್ಪನ ಕಥೆಯನ್ನು ಹಾಡುವರು. ದೀಕ್ಷೆ ಪಡೆದು, ಜೋಳಿಗೆ ಹಿಡಿದು, ಭಿಕ್ಷೆ ಬೇಡಿ ಹಾಡುವುದು ಅವರ ವ್ರತ. ಕಥೆಯ ಒಂದೊಂದು ಭಾಗಕ್ಕೂ ‘ಸಾಲು’ ಎಂದು ಹೆಸರು. ರಾತ್ರಿಯೆಲ್ಲಾ ಹಾಡಿದರೂ ಕಥೆ ಮುಗಿಯದು.

ಈಗಲಾದರೋ ಬೀಸು ಕಂಸಾಳೆಯ ಕುಣಿತವು ಮೆರವಣಿಗೆಗಳಲ್ಲಿಯೂ ಶಾಲೆಗಳ ವಾರ್ಷಿಕೋತ್ಸವಗಳಲ್ಲಿಯೂ ಮೆರೆಯುತ್ತಿದೆ. ಕಲಾವಿದನಿಗೆ ದೊರೆಯುವ ಸಮಯ ಹತ್ತು ನಿಮಿಷ. ಇದನ್ನು ಮಾರಾಟವೆನ್ನೋಣವೇ? ಹಾಗೆನ್ನಲು ನಾವು ಒಪ್ಪೆವು. ಭಿಕ್ಷೆಯಿಂದ ಮಕ್ಕಳನ್ನು ಸಾಕಲಾರದ ತಂದೆಯು ಸಂಭಾವನೆ ಪಡೆದು ಕುಣಿದರೆ, ಹೊಟ್ಟೆ ತುಂಬಿದವರು ಅವನನ್ನು ಹಳಿಯುವುದು ನ್ಯಾಯವಲ್ಲ. ನಮ್ಮ ದೇವಾಲಯಗಳಲ್ಲಿಯೂ ಯೂರೋಪಿನ ರಾಗಗಳ ಗೀತೆಗಳನ್ನೂ ನಮ್ಮ ನಾಡಿನ ರಾಗಗಳ ಕೀರ್ತನೆಗಳನ್ನೂ ಹಾಡುತ್ತೇವೆ. ರಾಗ ಬೇರೆಯಾದರೂ ಸ್ತುತಿ ಬೇರೆಯಾಗದು.

ಆದರೆ ಹತ್ತು ನಿಮಿಷದಲ್ಲಿ ಉಳಿಯುವುದೇನು, ಅಳಿಯುವುದೇನು ಎಂಬುದನ್ನು ನೋಡಬೇಕು. ಸಂಕಮ್ಮನ ಸಾಲಿನಲ್ಲಿ, ಕಾಡಿಗೆ ಹೊರಟ ಗಂಡನು ಹೆಂಡತಿಯ ಶೀಲವನ್ನು ಶಂಕಿಸಿ ಬಲಗೈ ಭಾಷೆಯನ್ನು ಕೇಳುವನು. ತಪ್ಪಿಲ್ಲದ ತಾನು ಭಾಷೆಯನ್ನೇಕೆ ಕೊಡಬೇಕೆಂದು ಆಕೆ ನಿರಾಕರಿಸಿ, ಅವನು ವಿಧಿಸಿದ ಕ್ರೂರ ಶಿಕ್ಷೆಯನ್ನು ಸಹಿಸುವಳು; ಕಡೆಗೆ ಮಾದಪ್ಪನು ಆಕೆಯನ್ನು ಬಿಡಿಸುವನು. ಕುಣಿತ ಮಾತ್ರ ಉಳಿದು ಕಥೆ ಮರೆತುಹೋದರೆ, ತಾಳದ ಧ್ವನಿ ಕೇಳುವುದು, ಸಂಕಮ್ಮನ ಧ್ವನಿ ಕೇಳದು. ನಷ್ಟವಿರುವುದು ಇಲ್ಲಿಯೇ.

ಬದಲಾವಣೆಯಿಂದ ಕಥೆ ಉಳಿದದ್ದೂ ಉಂಟು. ಹೆಬ್ಬಣಿ ಮಾದಯ್ಯನವರೂ ಅವರ ಸಂಗಡಿಗರೂ ಹಾಡಿದ ಮಾದೇಶ್ವರನ ಕಾವ್ಯವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1997ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿತು. ಬಾಯಿಂದ ಬಾಯಿಗೆ ಬಂದ ಪದವನ್ನು ಅಚ್ಚಿಗೆ ಒಪ್ಪಿಸುವುದೂ ದೊಡ್ಡ ಮಾರ್ಪಾಟೇ. ಆದರೆ ಅದರಿಂದ ಕಥೆಯು ಕುಗ್ಗಲಿಲ್ಲ, ಹೊಸ ವಾಚಕರನ್ನು ಪಡೆಯಿತು.

ಪೋಷಕರ ಅನ್ನವನ್ನುಂಡ ಮಾತ್ರಕ್ಕೆ ಧ್ವನಿ ಅಡಗಬೇಕೆಂಬ ನಿಯಮವೂ ಇಲ್ಲ. ಯಳಂದೂರಿನ ಸಂಚಿಯ ಹೊನ್ನಮ್ಮನು ಮೈಸೂರಿನ ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಸೇವೆಗಿದ್ದವಳು. ಹಾಡಲು ಅನುಕೂಲವಾದ ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ವನ್ನು ರಚಿಸಿ, ಕಾಲಕ್ಕೆ ತಕ್ಕಂತೆ ಪತಿವ್ರತಾಧರ್ಮವನ್ನು ಬೋಧಿಸಿದರೂ, ಹೆಣ್ಣನ್ನು ಹೀಗಳೆಯುವವರನ್ನು ಆಕೆ ಸುಮ್ಮನೆ ಬಿಡಲಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯವಿದು: ಪೂರ್ಣ ಕಥೆಯನ್ನು ಬಲ್ಲವನು ಸಂದರ್ಭಕ್ಕಾಗಿ ಮೊಟಕುಗೊಳಿಸಿದರೆ ಅದು ಮಾರ್ಪಾಟು, ಏನನ್ನು ಬಿಡಬೇಕೆಂಬುದನ್ನು ಹಣ ಕೊಡುವವನೇ ನಿರ್ಣಯಿಸಿ, ಹಾಡುವವನು ಬಿಟ್ಟುದನ್ನು ಮರೆತೇಬಿಟ್ಟರೆ ಅದು ಮಾರಾಟ. ಕೊಳ್ಳುವವರು ನಾವೇ ಆದುದರಿಂದ ದೋಷದಲ್ಲಿ ನಮ್ಮ ಪಾಲೂ ಇದೆ. ತಾಯಿತಂದೆಗಳೇ, ಸಹೋದರಿಯರೇ, ಮುಂದಿನ ಉತ್ಸವಕ್ಕೆ ಕಂಸಾಳೆಯವರನ್ನು ಕರೆಸುವಾಗ ಕುಣಿತದೊಡನೆ ಒಂದು ಸಾಲನ್ನಾದರೂ ಪೂರ್ತಿಯಾಗಿ ಹಾಡಿಸಿ, ಮಕ್ಕಳೊಡನೆ ಕುಳಿತು ಕೇಳಿರೆಂಬುದೇ ನಮ್ಮ ವಿಜ್ಞಾಪನೆ.