ಒಂದು ಸ್ವರದ ಬೆಲೆ

1837ರ ಏಪ್ರಿಲ್ 17. ಪ್ಯಾರಿಸ್ಸಿನ ಆಪೆರಾ ರಂಗಮಂದಿರದಲ್ಲಿ ಅಂದು ರೊಸ್ಸಿನಿಯ ‘ವಿಲಿಯಂ ಟೆಲ್’. 1829ರಲ್ಲಿ ಅಲ್ಲೇ ಮೊದಲು ರಂಗವೇರಿದ, ಊರಿಗೆಲ್ಲ ಪರಿಚಿತವಾಗಿದ್ದ ಗೀತನಾಟಕ ಅದು. ಆದರೆ ಆರ್ನಾಲ್ಡನ ಪಾತ್ರಧಾರಿ ಮಾತ್ರ ಹೊಸಬ. ಇಟಲಿಯಿಂದ ಮರಳಿದ್ದ ಮೂವತ್ತರ ಹರೆಯದ ಜಿಲ್ಬೆರ್ ಲೂಯಿ ಡುಪ್ರೆ. ಆತ ತಾರಸ್ಥಾಯಿಯ ‘ಸಿ’ ಸ್ವರವನ್ನು ತುಂಬು ಎದೆದನಿಯಲ್ಲಿ ಎತ್ತಿ ನಿಲ್ಲಿಸಿದಾಗ ಸಭೆ ಹುಚ್ಚೆದ್ದಿತು. ಟೆನರ್ ಗಾಯನದ ಚರಿತ್ರೆ ಹೊಸ ದಾರಿ ಹಿಡಿದದ್ದು ಆ ರಾತ್ರಿಯಿಂದ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಪುರುಷರ ಸಹಜ ಶಾರೀರಗಳಲ್ಲಿ ಎತ್ತರದ್ದನ್ನು ಟೆನರ್ ಎನ್ನುತ್ತಾರೆ. ಡುಪ್ರೆಗಿಂತ ಹಿಂದಿನ ಟೆನರ್‌ಗಳೂ ‘ಸಿ’ ಮುಟ್ಟುತ್ತಿದ್ದರು, ಅದರಾಚೆಗೂ ಹೋಗುತ್ತಿದ್ದರು. ಆದರೆ ಅಲ್ಲಿ ದನಿಯನ್ನು ತೆಳುವಾಗಿಸಿ, ನಮ್ಮ ಗಾಯಕರು ಕಳ್ಳದನಿ ಎನ್ನುವುದಕ್ಕೆ ಹತ್ತಿರದ ರೀತಿಯಲ್ಲಿ ಹಾಡುತ್ತಿದ್ದರು. ನಮ್ಮಲ್ಲಿ ಅದು ದೋಷ. ಅಲ್ಲಿ ಆಗ ಅದೇ ನಾಜೂಕು, ಅದೇ ವಿದ್ವತ್ತು. ಎದೆದನಿಯಲ್ಲಿ ಧ್ವನಿತಂತುಗಳು ದಪ್ಪವಾಗಿ, ಪೂರ್ತಿಯಾಗಿ ಒಂದನ್ನೊಂದು ತಾಕುತ್ತವೆ. ಕಳ್ಳದನಿಯಲ್ಲಿ ಕಂಪಿಸುವುದು ಬಹುಪಾಲು ಅಂಚುಗಳಷ್ಟೆ. ದಪ್ಪ ತಂತಿಯನ್ನು ಮಿತಿಮೀರಿ ಬಿಗಿದರೆ ಏನಾದೀತೆಂದು ತಂಬೂರಿ ಶ್ರುತಿ ಮಾಡಿದವರೆಲ್ಲ ಬಲ್ಲರು.

ಡುಪ್ರೆ ಹುಟ್ಟುಗಂಟಲಿನ ಬಲಶಾಲಿಯಲ್ಲ. 1825ರಲ್ಲಿ ಪ್ಯಾರಿಸ್ಸಿನ ಒಡೆಯೋನ್ ರಂಗಮಂದಿರದಲ್ಲಿ ಮೊದಲ ಬಾರಿ ಹಾಡಿದಾಗ ಅವನದು ಸಣ್ಣ, ಹಗುರ ದನಿ. ಇಟಲಿಗೆ ಹೋಗಿ ಅಲ್ಲಿಯ ಗಾಯಕರನ್ನು ಕೇಳಿ ಕಲಿತ. 1831ರಲ್ಲಿ ಲುಕ್ಕಾ ಪಟ್ಟಣದಲ್ಲಿ ‘ವಿಲಿಯಂ ಟೆಲ್’ ಹಾಡುವಾಗ ಎದೆದನಿಯ ‘ಸಿ’ ಮೊದಲು ಹೊಮ್ಮಿತು. ಅದಕ್ಕಾಗಿ ಮನೋಬಲ, ದೇಹಬಲ ಎರಡನ್ನೂ ಒಟ್ಟುಗೂಡಿಸಬೇಕಾಯಿತೆಂದು ಆತನೇ ಬರೆದಿದ್ದಾನೆ. 1835ರಲ್ಲಿ ಡೊನಿಜೆಟ್ಟಿ ತನ್ನ ‘ಲೂಚಿಯಾ’ದ ನಾಯಕನ ಪಾತ್ರವನ್ನು ನೇಪಲ್ಸಿನಲ್ಲಿ ಅವನಿಗೇ ವಹಿಸಿದ.

ಈ ಹೊಸ ನಾದ ರೊಸ್ಸಿನಿಗೆ ಹಿಡಿಸಲಿಲ್ಲ. ಕತ್ತು ಕೊಯ್ಯುವಾಗ ಹುಂಜ ಕಿರುಚಿದಂತಿದೆ ಎಂದನಂತೆ. ಆದರೆ ನಿಜವಾದ ಬೆಲೆ ತೆತ್ತವನು ಅಡಾಲ್ಫ್ ನೂರಿ. ಆರ್ನಾಲ್ಡನ ಪಾತ್ರವನ್ನು ಮೊದಲು ಹಾಡಿದ್ದ, ಹಳೆಯ ಶೈಲಿಯ ಶ್ರೇಷ್ಠ ಗಾಯಕ ಆತ. ಡುಪ್ರೆಯನ್ನು ತನಗೆ ಸಮನಾಗಿ ನೇಮಿಸುತ್ತಾರೆಂದು ತಿಳಿದು ರಾಜೀನಾಮೆ ಕೊಟ್ಟ. ಇಟಲಿಗೆ ಹೋಗಿ ಡೊನಿಜೆಟ್ಟಿಯ ಬಳಿ ಹೊಸ ಶೈಲಿ ಕಲಿಯಲು ಹೆಣಗಿದ. ಹೊಸದು ಪೂರ್ತಿ ಒಲಿಯಲಿಲ್ಲ, ಹಳೆಯ ನಯವೂ ಕೈಬಿಟ್ಟಿತು. ಮನೋವ್ಯಾಕುಲತೆಯಲ್ಲಿದ್ದ ನೂರಿ 1839ರ ಮಾರ್ಚ್ 8ರಂದು ನೇಪಲ್ಸಿನಲ್ಲಿ ತನ್ನ ಜೀವವನ್ನೇ ಕಳೆದುಕೊಂಡ. ಆಗ ಅವನಿಗೆ 37 ವರ್ಷ.

1840ರಲ್ಲಿ ಡಿಡೇ ಮತ್ತು ಪೆಟ್ರೆಕಾಂ ಎಂಬ ಇಬ್ಬರು ಫ್ರೆಂಚ್ ವೈದ್ಯರು ಈ ಹಾಡುಗಾರಿಕೆಯ ಮೇಲೆ ಪ್ರಬಂಧವನ್ನೇ ಪ್ರಕಟಿಸಿದರು. ಸಾಮಾನ್ಯವಾಗಿ ಸ್ವರದೊಂದಿಗೆ ಮೇಲೇರುವ ಗಂಟಲಮಣಿ ಇಲ್ಲಿ ಕೆಳಗೇ ನಿಲ್ಲುತ್ತದೆ, ದನಿ ಗಾಢವಾಗುತ್ತದೆ ಎಂಬುದನ್ನು ಅವರು ಗುರುತಿಸಿದರು. ಪಳಗಿದ ಆಪೆರಾ ಕಂಠದಲ್ಲಿ ಸುಮಾರು 3,000 ಹರ್ಟ್ಸ್ ಆವೃತ್ತಿಯ ಸುತ್ತ ನಾದಬಲ ಹೆಚ್ಚುತ್ತದೆ, ವಾದ್ಯವೃಂದದ ಬಲ ಅಲ್ಲಿ ಕಡಿಮೆ ಎಂದು 20ನೆಯ ಶತಮಾನದ ಧ್ವನಿವಿಜ್ಞಾನ ತೋರಿಸಿತು. ಒಂಟಿ ಕಂಠ ಮೈಕಿಲ್ಲದೆ ಹಿಂದಿನ ಸಾಲಿಗೂ ಕೇಳಿಸುವ ಗುಟ್ಟು ಇದೇ.

ಆದರೆ ಆ ನಾದ ಡುಪ್ರೆಯನ್ನೂ ಬಿಡಲಿಲ್ಲ. ಕೆಲವೇ ವರ್ಷಗಳಲ್ಲಿ ದನಿ ದಣಿಯತೊಡಗಿತು. 1849ರಲ್ಲಿ, ಇನ್ನೂ 42ರ ವಯಸ್ಸಿನಲ್ಲಿ, ಪ್ಯಾರಿಸ್ ಆಪೆರಾದಿಂದ ನಿವೃತ್ತನಾದ.

ಅಷ್ಟರಲ್ಲಿ ಆತ ಗುರುವಾಗಿದ್ದ. 1842ರಿಂದ 1850ರವರೆಗೆ ಪ್ಯಾರಿಸ್ಸಿನ ಸಂಗೀತ ವಿದ್ಯಾಲಯ ಕನ್ಸರ್ವೇಟರಿಯಲ್ಲಿ ಕಲಿಸಿದ. 1853ರಲ್ಲಿ ಸ್ವಂತ ಶಾಲೆ ತೆರೆದ. 1840ರ ದಶಕದಲ್ಲಿ ಗಾಯನಕಲೆಯ ಬಗ್ಗೆ ಅವನು ಬರೆದ ಪಠ್ಯದಲ್ಲಿ ಬಲದ, ಭಾವದ ವಿಸ್ತಾರ ಶೈಲಿಗಷ್ಟೇ ಅಲ್ಲ, ಲಾಲಿತ್ಯದ, ಚುರುಕುಗತಿಯ ಶೈಲಿಗೂ ಪ್ರತ್ಯೇಕ ಪಾಠಗಳಿವೆ. ಸ್ವಾರಸ್ಯವೆಂದರೆ, ಅವನ ಹೆಸರುವಾಸಿ ಶಿಷ್ಯರಲ್ಲಿ ಎದ್ದು ಕಾಣುವವರು ಗಾಯಕಿಯರು: ಮಗಳು ಕರೋಲಿನ್ ಡುಪ್ರೆ, 1859ರಲ್ಲಿ ಗುನೋನ ‘ಫೌಸ್ಟ್’ನ ಮಾರ್ಗರೀಟಳಾಗಿ ಮೊದಲು ಹಾಡಿದ ಕರೋಲಿನ್ ಮಿಯೊಲಾನ್ ಕಾರ್ವಾಲೊ, ಕೆನಡಾದ ಎಮ್ಮಾ ಆಲ್ಬಾನಿ. ಎದೆದನಿಯ ‘ಸಿ’ಯಿಂದ ಹೆಸರಾದವನ ಪಾಠಶಾಲೆ ಬೆಳೆಸಿದ್ದು ನಯವನ್ನೂ ನಿಯಂತ್ರಣವನ್ನೂ.

ಡುಪ್ರೆ 1896ರಲ್ಲಿ, 89ನೆಯ ವಯಸ್ಸಿನಲ್ಲಿ ತೀರಿಕೊಂಡ. ಇಂದಿಗೂ ಟೆನರ್ ಆ ‘ಸಿ’ಗೆ ಸಿದ್ಧನಾಗುವಾಗ ಸಭಿಕರು ಉಸಿರು ಹಿಡಿದು ಕೂಡುತ್ತಾರೆ. ಕರತಾಡನದ ಸದ್ದಿನಲ್ಲಿ ನೂರಿಯ ನೆನಪು ಮರೆಯಾಗಬಾರದು.