ಐದು ಲೀಟರ್ ಪೆಟ್ರೋಲಿಗೆ ಎಷ್ಟು ಕೊಡ ನೀರು?

ಮಂಡ್ಯ: ಬಂಕಿಗೆ ಹೋಗಿ ಸ್ಕೂಟರಿಗೆ ಐದು ಲೀಟರ್ ಪೆಟ್ರೋಲ್ ಹಾಕಿಸಿದಿರಿ ಅನ್ನಿ. ಈಗ ಅದರಲ್ಲಿ ನಾಲ್ಕು ಲೀಟರ್ ಪೆಟ್ರೋಲ್, ಒಂದು ಲೀಟರ್ ಎಥೆನಾಲ್. ಎಥೆನಾಲ್ ಅಂದರೆ ಬೇರೇನಲ್ಲ, ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ ಬಟ್ಟಿ ಇಳಿಸಿದ ಸ್ಪಿರಿಟ್ಟು. ಪೆಟ್ರೋಲಿಗೆ ಶೇ. 20ರಷ್ಟು ಇದನ್ನು ಬೆರೆಸಲು 2030ರ ಗಡುವು ಇಟ್ಟುಕೊಂಡಿದ್ದ ಕೇಂದ್ರ ಸರ್ಕಾರ 2025ರಲ್ಲೇ ಆ ಗುರಿ ಮುಟ್ಟಿತು.

ಹೊಗೆ ಕಡಿಮೆ, ವಿದೇಶಿ ಎಣ್ಣೆಯ ಖರ್ಚು ಕಡಿಮೆ, ರೈತನ ಕೈಗೆ ನಾಲ್ಕು ಕಾಸು ಎಂಬುದು ಸರ್ಕಾರದ ವಾದ. ಕಬ್ಬಿನ ಜಿಲ್ಲೆಯವರಾದ ನಾವು ಬೇಡ ಅನ್ನೋದುಂಟೆ? ಆದರೆ ಇದು ಪರಿಸರಕ್ಕೆ ಒಳ್ಳೆಯದೇ ಎಂದು ಕೇಳಿದರೆ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ.

ಒಂದೇ ಜೋಳ, ಎರಡು ಲೆಕ್ಕ

ಜಗಳ ಜೋರಾದದ್ದು ಅಮೆರಿಕದಲ್ಲಿ. ಅಲ್ಲಿ ಎಥೆನಾಲ್ ಮಾಡುವುದು ಹೆಚ್ಚಾಗಿ ಮೆಕ್ಕೆಜೋಳದಿಂದ. ಇಂಧನದ ಬೆಳೆಗೆಂದು ಕಾಡು, ಹುಲ್ಲುಗಾವಲು ಉತ್ತರೆ ಅಲ್ಲಿ ಅಡಗಿದ್ದ ಇಂಗಾಲ ಗಾಳಿಗೆ ಸೇರುತ್ತದೆ, ಆ ಸಾಲ ತೀರಲು ಹತ್ತಾರು, ಕೆಲವೆಡೆ ನೂರಾರು ವರ್ಷ ಬೇಕು ಎಂದು 2008ರ ಫೆಬ್ರವರಿಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಎರಡು ವರದಿಗಳು ಬಂದವು. ಅಲ್ಲಿಂದ ಶುರು.

ಜೋಳದ ಎಥೆನಾಲಿನಿಂದಾಗುವ ಮಾಲಿನ್ಯ ಪೆಟ್ರೋಲಿಗಿಂತ ಶೇ. 46 ಕಡಿಮೆ ಎಂದು 2021ರಲ್ಲಿ ಒಂದು ತಂಡ ಹೇಳಿತು. ಕಡಿಮೆಯಂತೂ ಅಲ್ಲ, ಶೇ. 24ರಷ್ಟು ಹೆಚ್ಚೇ ಇರಬಹುದು ಎಂದು 2022ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಟೈಲರ್ ಲಾರ್ಕ್ ತಂಡ ಹೇಳಿತು. ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದವರು ಅದನ್ನು ಒಪ್ಪಲಿಲ್ಲ.

ಯಾರಿಗೂ ಕೂಡಿಸಿ ಕಳೆಯಲು ಬಾರದೆಂದಲ್ಲ ಸ್ವಾಮಿ. ಹೊಸದಾಗಿ ಉತ್ತ ನೆಲದ ಪಾಪವನ್ನು ಎಷ್ಟರ ಮಟ್ಟಿಗೆ ಎಥೆನಾಲಿನ ಖಾತೆಗೆ ಬರೆಯಬೇಕು ಎಂಬುದೇ ತಕರಾರಿನ ಮೂಲ.

ನಮ್ಮ ಲೆಕ್ಕ ನೀರಿನದು

ನಮ್ಮ ಕಡೆ ಕಾಡು ಕಡಿದು ಕಬ್ಬು ಹಾಕುವ ಪ್ರಶ್ನೆ ದೊಡ್ಡದಲ್ಲ. ನಮಗೆ ಕಟ್ಟೆ, ನಾಲೆಯ ಪ್ರಶ್ನೆ. ಬೆರಕೆಯ ಯೋಜನೆಗೆ ದಾರಿ ಹಾಕಿಕೊಟ್ಟ ನೀತಿ ಆಯೋಗದ 2021ರ ವರದಿಯೇ ಹೇಳುವಂತೆ, ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ಬರಲು ಸುಮಾರು 2,860 ಲೀಟರ್ ನೀರು ಬೇಕು. ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ 190 ಕೊಡ! ಸ್ಕೂಟರಿಗೆ ಹಾಕಿಸಿದ ಐದು ಲೀಟರಿನೊಳಗೆ ಇಷ್ಟು ನೀರು ಕೂತಿರಬಹುದು.

ಇಲ್ಲೂ ಖಾತೆಯ ಜಗಳ ಉಂಟು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಎಥೆನಾಲ್ ಮಾಡಿದರೆ ನೀರು ಸಕ್ಕರೆಯ ಖಾತೆಗೆ ಹೋಗಬೇಕು, ನಮ್ಮ ತಲೆಗೆ ಯಾಕೆ ಕಟ್ಟುತ್ತೀರಿ ಎಂಬ ವಾದದಲ್ಲಿ ಹುರುಳಿದೆ. ಆದರೆ ಹಾಲನ್ನೇ ನೇರ ಬಟ್ಟಿಗೆ ಹರಿಸಿದರೆ ಆ ಮಾತು ನಿಲ್ಲುವುದಿಲ್ಲ.

2023 ಮರೆಯುವಂಥ ವರ್ಷವೇ? ಮಳೆ ಕೈಕೊಟ್ಟಿತು, ಕನ್ನಂಬಾಡಿ ಕಟ್ಟೆ ತುಂಬಲಿಲ್ಲ. ಸೆಪ್ಟೆಂಬರ್ 23ರಂದು ಕಾವೇರಿ ನೀರಿಗಾಗಿ ಮಂಡ್ಯ ಬಂದ್ ಆಯಿತು. ಅದೇ ಡಿಸೆಂಬರಿನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡಕೂಡದೆಂದು ಕೇಂದ್ರ ತಡೆ ಹಾಕಿತು, ವಾರದಲ್ಲೇ ಕೊಂಚ ಸಡಿಲಿಸಿತು, 2024ರಲ್ಲಿ ತೆಗೆದೇ ಹಾಕಿತು. ಆಗ ದೆಹಲಿ ನೋಡಿದ್ದು ಸಕ್ಕರೆಯ ದಾಸ್ತಾನನ್ನು, ನಾಲೆಯ ನೀರನ್ನಲ್ಲ.

ರೈತನನ್ನು ದೂರಿ ಫಲವಿಲ್ಲ. ಸಕ್ಕರೆಗೋ ಸ್ಪಿರಿಟ್ಟಿಗೋ, ಬಿಲ್ಲು ಸರಿಯಾಗಿ ಬಂದ್ರೆ ಸಾಕು ಅನ್ನುವವನು ಅವನು. ಕೇಳಬೇಕಾದ್ದು ಅಧಿಕಾರಿಗಳನ್ನು. ಜಿಲ್ಲೆಯಲ್ಲಿ ಬಟ್ಟಿಯ ಸಾಮರ್ಥ್ಯ ಹೆಚ್ಚಿಸಲು ಅನುಮತಿ ಕೊಡುವ ಮುನ್ನ, ಅದಕ್ಕೆ ಎಷ್ಟು ಎಕರೆ ಕಬ್ಬು, ಯಾವ ನಾಲೆಯ ನೀರು, ಬರ ಬಂದರೆ ಏನು ಗತಿ ಎಂದು ಬರೆದು ಜನರ ಮುಂದಿಡಲಿ. ಹನಿ ನೀರಾವರಿ ಎಷ್ಟು ಗದ್ದೆಗೆ ಬಂತು ಎಂಬುದನ್ನೂ ಹೇಳಲಿ.

ಗಾಳಿಗೆ ಸೇರುವ ಹೊಗೆಯ ಲೆಕ್ಕವನ್ನು ವಿಜ್ಞಾನಿಗಳು ಇನ್ನೂ ಹತ್ತು ವರ್ಷ ಜಗಳವಾಡಿಕೊಂಡೇ ಮಾಡಲಿ, ಬೇಡ ಅನ್ನೋಣವೇ? ಆದರೆ ನೀರಿನ ಲೆಕ್ಕ ಅಷ್ಟು ದಿನ ಕಾಯುವುದಿಲ್ಲ. ಕನ್ನಂಬಾಡಿಯ ಪೂರ್ಣ ಮಟ್ಟ 124.80 ಅಡಿ. ಅದಕ್ಕಿಂತ ಒಂದು ಕೊಡವನ್ನೂ ಯಾವ ಯೋಜನೆಯೂ ಹೆಚ್ಚಿಗೆ ತುಂಬಿಸಲಾರದು.