ನಾಡಿ ತಪ್ಪಿದರೆ ಮಿದುಳಿಗೆ ಕುತ್ತು

ಕಳೆದ ಚೈತ್ರದ ಒಂದು ಮುಂಜಾವಿನಲ್ಲಿ ಧಾರವಾಡದ ಕೆಲಗೇರಿ ಕೆರೆಯ ದಂಡೆಯ ಮೇಲೆ ನಮ್ಮೊಡನೆ ಅಡ್ಡಾಡುತ್ತಿದ್ದ ವೃದ್ಧ ಮಿತ್ರರೊಬ್ಬರು ಆಡುತ್ತಿದ್ದ ಮಾತನ್ನು ಅರ್ಧಕ್ಕೆ ಬಿಟ್ಟು ಕುಸಿದುಬಿದ್ದರು. ಅರ್ಧ ನಿಮಿಷದೊಳಗೆ ಎಚ್ಚೆತ್ತು, “ಏನಿಲ್ರಿ ಮಾಸ್ತರ, ಪಿತ್ತ ಏರಿತ್ತು, ಮನ್ಯಾಗ ಹೇಳಬ್ಯಾಡ್ರಿ” ಎಂದು ನಕ್ಕರು. ನಾವೂ ಹಾಗೆಯೇ ನಂಬಿ ಸುಮ್ಮನಾದೆವು. ಹದಿನೈದು ದಿವಸಗಳ ಮೇಲೆ ಅವರು ಪುನಃ ಬಿದ್ದು ತೊಡೆಯ ಎಲುವು ಮುರಿದುಕೊಂಡರು. ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದಾಗ, ದೋಷವು ಪಿತ್ತದ್ದಲ್ಲ, ಹೃದಯದ ಲಯದ್ದೆಂದು ತಿಳಿಯಿತು. ಅಂದಿನ ನಮ್ಮ ಮೌನಕ್ಕೆ ಪ್ರಾಯಶ್ಚಿತ್ತವೆಂದು ವಾಚಕರು ಈ ಲೇಖನವನ್ನು ಭಾವಿಸಬೇಕು.

ಮಿದುಳು ಶರೀರದ ತೂಕದಲ್ಲಿ ನೂರಕ್ಕೆ 2ರಷ್ಟು ಮಾತ್ರ. ಆದರೂ ಹೃದಯವು ಹೊರದೂಡುವ ರಕ್ತದಲ್ಲಿ ನೂರಕ್ಕೆ 15ರಷ್ಟು, ಎಂದರೆ ನಿಮಿಷಕ್ಕೆ ಸುಮಾರು ಮುಕ್ಕಾಲು ಲೀಟರು, ಅದಕ್ಕೆ ಸಲ್ಲುವದು. ಅಂದು ದುಡಿದುದನ್ನು ಅಂದೇ ಉಣ್ಣುವ ಕೂಲಿಕಾರನಂತೆ ಮಿದುಳಿಗೆ ಕೂಡಿಟ್ಟ ಕಣಜವಿಲ್ಲ. ರಕ್ತಪ್ರವಾಹವು ಪೂರ್ತಿಯಾಗಿ ನಿಂತರೆ ಸುಮಾರು 10 ಸೆಕೆಂಡುಗಳಲ್ಲಿ ಎಚ್ಚರ ತಪ್ಪುವದು.

ಲಯಗೆಟ್ಟ ಹೃದಯವು ಮಿದುಳನ್ನು ಎರಡು ಬಗೆಯಾಗಿ ಪೀಡಿಸುವದು. ಬಡಿತವು ತೀರ ನಿಧಾನವಾದರೆ ಇಲ್ಲವೆ ನಡುನಡುವೆ ನಿಂತರೆ ಮಿದುಳಿಗೆ ರಕ್ತ ಸಾಲದು. ಅತಿವೇಗವಾದರೆ ಹೃದಯವು ತುಂಬಿಕೊಳ್ಳುವಷ್ಟು ಅವಕಾಶವಿಲ್ಲದೆ ಅದೇ ಫಲವಾಗುವದು. ಇದೇ ಮೂರ್ಛೆ. ನಿಧಾನ ನಾಡಿಯ ಇಂಥ ಮೂರ್ಛೆಯನ್ನು ಡಬ್ಲಿನ್ ನಗರದ ವೈದ್ಯರಾದ ರಾಬರ್ಟ್ ಆಡಮ್ಸರು 1827ರಲ್ಲಿಯೂ ವಿಲಿಯಂ ಸ್ಟೋಕ್ಸರು 1846ರಲ್ಲಿಯೂ ವರ್ಣಿಸಿದರು. ಹೃದಯಕ್ಕೆ ತಾಳ ಹಾಕುವ ಪೇಸ್‌ಮೇಕರ್ ಯಂತ್ರವನ್ನು ಶರೀರದೊಳಗೆ ಮೊದಲು ಕೂಡಿಸಿದ್ದು 1958ರಲ್ಲಿ, ಸ್ವೀಡನ್ ದೇಶದಲ್ಲಿ. ಅಂಥದೇ ಯಂತ್ರದ ಬಲದಿಂದ ನಮ್ಮ ಮಿತ್ರರು ಈಗ ಕೋಲು ಹಿಡಿದು ಮತ್ತೆ ಕೆರೆಗೆ ಬರುತ್ತಿದ್ದಾರೆ.

ಎರಡನೆಯ ಬಗೆಯು ಹೆಚ್ಚು ಮೋಸದ್ದು. ಹೃದಯದ ಮೇಲಣ ಕೋಣೆಗಳು ಕ್ರಮವಾಗಿ ಸಂಕೋಚಗೊಳ್ಳದೆ ಬರಿದೆ ನಡುಗತೊಡಗಿದರೆ, ಅಲ್ಲಿ ರಕ್ತವು ಮಡುಗಟ್ಟಿ ಹೆಪ್ಪಾಗುವದು. ಆ ಹೆಪ್ಪಿನ ಚೂರು ಹರಿದುಹೋಗಿ ಮಿದುಳಿನ ನಾಳದಲ್ಲಿ ಸಿಕ್ಕಿದರೆ ಪಾರ್ಶ್ವವಾಯು. ಇಂಥವರಿಗೆ ಅದರ ಭಯವು ಸುಮಾರು ಐದು ಪಟ್ಟು; ರೋಗಿಗೆ ಮೊದಲು ಏನೂ ತೋರದೆಯೂ ಇರಬಹುದು. ವೈದ್ಯರು ತಕ್ಕವರಿಗೆ ಕೊಡುವ ಹೆಪ್ಪುತಡೆಯುವ ಔಷಧವು ಆ ಭಯವನ್ನು ಸುಮಾರು ಮೂರರಲ್ಲಿ ಎರಡು ಪಾಲು ತಗ್ಗಿಸುವದು.

ತಡೆತಡೆದು ನಡೆಯುವ ನಾಡಿಯನ್ನು ಶಾರ್ಙ್ಗಧರ ಸಂಹಿತೆಯು ಪ್ರಾಣಾಪಾಯದ ಲಕ್ಷಣವೆಂದು ಎಣಿಸಿದೆ. ಇಂದಿಗೂ ಮೊದಲ ಪರೀಕ್ಷೆಯು ನಮ್ಮ ಬೆರಳ ತುದಿಯಲ್ಲಿಯೇ ಉಂಟು. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿರಿ. ವಿಶ್ರಾಂತಿಯಲ್ಲಿ 60ರಿಂದ 100ರವರೆಗೆ ಸಾಮಾನ್ಯ. ಎಣಿಕೆಯು ಇದನ್ನು ಮೀರಿದರೆ, ತಾಳ ತಪ್ಪುತ್ತಿದ್ದರೆ, ಇಲ್ಲವೆ ಹಿರಿಯರು ಒಮ್ಮೆಯಾದರೂ ಕಾರಣವಿಲ್ಲದೆ ಎಚ್ಚರದಪ್ಪಿದರೆ ಇ.ಸಿ.ಜಿ. ತೆಗೆಯಿಸತಕ್ಕದ್ದು.

ಮುಖ ಸೊಟ್ಟಾದರೆ, ಕೈ ಸೋತರೆ, ಮಾತು ತೊದಲಿದರೆ ಗಡಿಯಾರ ನೋಡಿ ವೇಳೆಯನ್ನು ಬರೆದಿಟ್ಟು ತಕ್ಷಣ 108ಕ್ಕೆ ಕರೆಮಾಡಬೇಕು. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕಾಗುವದು.

“ಮನ್ಯಾಗ ಹೇಳಬ್ಯಾಡ್ರಿ” ಎಂದು ಯಾರಾದರೂ ಅಂದರೆ, ಆ ಮಾತೊಂದನ್ನು ಮಾತ್ರ ನಡೆಸಬೇಡಿರಿ.